ಕನ್ನಡ ಬಾರದ ಮೆಷಿನ್

ನಾನು ಬಿ.ಎ. ಪಾಸು ಮಾಡಿದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಹೇಳದೆ ಹೋದರೆ ಮೂರನೆಯ ವಾಕ್ಯದಲ್ಲೋ ನಾಲ್ಕನೆಯದರಲ್ಲೋ ಏನಾದರೊಂದು ನೆಪ ಮಾಡಿಕೊಂಡು ಹೇಳಿಯೇ ಹೇಳುತ್ತೇನೆಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಹಾಸನದ ಕಡೆಯ ಮೊಸಳೆ ಎಂಬ ಹಳ್ಳಿಗೆ ಹತ್ತಿರದ ನಮ್ಮ ಊರಿನಲ್ಲಿ ನನಗಿಂತ ಮುಂಚೆ ಬಿ.ಎ. ಮಾಡಿದವರಿಲ್ಲ. ನಮ್ಮ ಮನೆಯಲ್ಲಂತೂ ನನಗಿಂತ ಮುಂಚೆ ನಾಲ್ಕನೆಯ ಕ್ಲಾಸು ದಾಟಿದವರೇ ಇಲ್ಲ. ಹಾಸನದ ಫ್ರೀ ಹಾಸ್ಟೆಲಿನಲ್ಲಿ ತಣ್ಣಗಾದ ಮುದ್ದೆ ನುಂಗಿ, ಮೈಸೂರಿನಲ್ಲಿ ಒಂದೇ ಜೊತೆ ಬಟ್ಟೆಯನ್ನು ಶನಿವಾರ ಒಗೆದು ಭಾನುವಾರವೆಲ್ಲ ಟವೆಲ್ಲು ಸುತ್ತಿಕೊಂಡು ಕೂತು ಓದಿದ್ದೇನೆ. ಫಲಿತಾಂಶ ಬಂದ ದಿನ ಊರಿಗೆ ಓಡಿಬಂದಾಗ ಅಪ್ಪ ಹೊಲದಲ್ಲಿ ನೇಗಿಲು ಹಿಡಿದಿದ್ದರು. ಎತ್ತು ನಿಲ್ಲಿಸಿ ನನ್ನ ಮಾತೆಲ್ಲ ಕೇಳಿ, "ಅಂಗಾರೆ ಇನ್ನ ಓದಾದು ಏನೂ ಉಳಿದಿಲ್ಲ ಅನ್ನು ಮಗಾ?" ಎಂದರು. "ಇಲ್ಲ ಕಣಪ್ಪ" ಎಂದೆ. ಅವರಿಗೆ ಸಮಾಧಾನವಾಗಲೆಂದು ಹೇಳಿದ ಮಾತಲ್ಲ ಅದು. ನಾನು ನಿಜವಾಗಿ ಹಾಗೆಯೇ ನಂಬಿದ್ದೆ.

ಹೀಗೆ ಓದಿ ಮುಗಿಸಿದವನಿಗೆ ಒಂದು ಚಾಳಿ ಅಂಟಿಕೊಳ್ಳುತ್ತದೆ. ಏನೇ ಕೆಡಲಿ, ಅದಕ್ಕೆ ಕಾರಣ ಕಂಡುಹಿಡಿಯದೆ ಅವನು ಬಿಡುವುದಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಲೋಕದ ಗಂಡಸರು ಇನ್ನೊಂದು ಹಿಡಿ ಅನ್ನ ಕಲಸಿಕೊಂಡು ಉಣ್ಣುತ್ತಾರೆ. ನಾನು ಹಾಗಲ್ಲ. ಉಪ್ಪನ್ನು ಬೇಳೆ ಬೇಯುವಾಗ ಹಾಕಿದೆಯೋ ಒಗ್ಗರಣೆಯ ಹೊತ್ತಿನಲ್ಲೋ, ಒಂದು ಸಲ ಹಾಕಿದ್ದು ಮರೆತು ಎರಡನೆಯ ಸಲ ಹಾಕಿದೆಯೋ ಎಂದು ಊಟದ ನಡುವೆಯೇ ವಿಚಾರಣೆ ನಡೆಸುತ್ತೇನೆ. ನನ್ನಾಕೆ ಒಮ್ಮೆ ಸೌಟು ಕೆಳಗಿಟ್ಟು, "ಉಪ್ಪು ಜಾಸ್ತಿ ಅಂದ್ರೆ ಸಾಕಲ್ರೀ, ಕೇಸು ಯಾಕೆ ಹಾಕ್ತೀರಾ?" ಎಂದಳು. ಆಕೆಗೆ ಗೊತ್ತಿಲ್ಲ, ನಾನು ಒಂದು ಸಲ ನಿಜವಾಗಿಯೇ ಕೇಸು ಹಾಕಿ ಗೆದ್ದಿದ್ದೇನೆ. ಆ ಗೆಲುವಿನ ಕಥೆಯನ್ನು ಈವರೆಗೆ ಮನೆಯಲ್ಲಿ ಹೇಳಿಲ್ಲ.

ಮದುವೆಗೆ ಮುಂಚಿನ ಮಾತು. ಅರಕಲಗೂಡಿನ ಒಂದು ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಯಾವ ಕಚೇರಿ ಎಂದು ಕೇಳಬೇಡಿ, ಹಂಚಿನ ಮಾಡು, ಮುಂದೊಂದು ಜೀಪು, ಹಿಂದೊಂದು ಬೇವಿನ ಮರ ಇದ್ದ ಕಚೇರಿ ಎಂದರೆ ಸಾಕು. ಅಲ್ಲಿ ಒಂದು ಸೈಕ್ಲೋಸ್ಟೈಲ್ ಮೆಷಿನ್ ಇತ್ತು. ಮೇಣ ಬಳಿದ ತೆಳ್ಳನೆಯ ಸ್ಟೆನ್ಸಿಲ್ ಹಾಳೆಯ ಮೇಲೆ ಅಕ್ಷರ ಕೊರೆದು, ಅದನ್ನು ಶಾಯಿ ತುಂಬಿದ ಉರುಳೆಗೆ ಸಿಕ್ಕಿಸಿ ಹಿಡಿ ತಿರುಗಿಸಿದರೆ ಒಂದೊಂದು ಸುತ್ತಿಗೆ ಒಂದೊಂದು ಪ್ರತಿ ಹೊರಕ್ಕೆ ಬೀಳುತ್ತಿತ್ತು. ಇಂಗ್ಲಿಷ್ ಕಾಗದಗಳ ಸ್ಟೆನ್ಸಿಲನ್ನು ನಮ್ಮ ಟೈಪಿಸ್ಟ್ ಸುಬ್ಬರಾಯರು ಟೈಪು ಹೊಡೆದು ತಯಾರು ಮಾಡುತ್ತಿದ್ದರು. ಆದರೆ ಹಳ್ಳಿಗಳಿಗೆ ಹೋಗುವ ಸುತ್ತೋಲೆಗಳೆಲ್ಲ ಕನ್ನಡದಲ್ಲೇ ಇರಬೇಕೆಂದು ಸಾಹೇಬರ ಹಟ. ಕನ್ನಡದ ಟೈಪ್‌ರೈಟರ್ ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಆದ್ದರಿಂದ ಕನ್ನಡ ಸ್ಟೆನ್ಸಿಲುಗಳನ್ನು ಕೈಯಿಂದಲೇ ಕೊರೆಯಬೇಕಾಗಿತ್ತು.

ಕೊರೆಯುತ್ತಿದ್ದವರು ಪದ್ಮರಾಜಯ್ಯನವರು. ಚನ್ನರಾಯಪಟ್ಟಣದ ಕಡೆಯ ಜೈನರು, ಐವತ್ತೆಂಟು ಅರವತ್ತರ ವಯಸ್ಸು, ಬಿಳಿ ಪಂಚೆ, ಮುಚ್ಚುಗೊರಳಿನ ಕೋಟು. ಅವರ ತಾತ, ಮುತ್ತಾತಂದಿರು ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಶಾಸ್ತ್ರಗಳನ್ನು ಪ್ರತಿ ಮಾಡಿ ಬಸದಿಗಳಿಗೆ ಕೊಡುತ್ತಿದ್ದವರಂತೆ. ಅಕ್ಷರ ಕೊರೆದು ಮೇಲೆ ಕಾಡಿಗೆ ಉಜ್ಜುವ ಆ ಕೆಲಸಕ್ಕೂ ನಮ್ಮ ಸ್ಟೆನ್ಸಿಲ್ಲಿಗೂ ಹೆಚ್ಚು ವ್ಯತ್ಯಾಸವಿಲ್ಲವೆಂದು ಹಿಂದಿನ ಸಾಹೇಬರೊಬ್ಬರು ಇವರನ್ನು ಹುಡುಕಿ ತಂದಿದ್ದರು. ಸರ್ಕಾರ ಕೊಟ್ಟ ಉಕ್ಕಿನ ಕಡ್ಡಿಯನ್ನು ಇವರು ಮುಟ್ಟುತ್ತಿರಲಿಲ್ಲ. ತಾತನ ಕಂಟದ ಮೊನೆಯನ್ನು ಕಲ್ಲಿಗೆ ಉಜ್ಜಿ ದುಂಡಗೆ ಮಾಡಿಕೊಂಡು ಅದರಲ್ಲೇ ಬರೆಯುತ್ತಿದ್ದರು. ಅಕ್ಷರ ಒಂದೊಂದೂ ಪೋಣಿಸಿದ ಹಾಗೆ ಇರುತ್ತಿತ್ತು. ಕೆಲಸ ಮಾತ್ರ ಖಾಯಂ ಅಲ್ಲ. ಆರು ತಿಂಗಳಿಗೊಮ್ಮೆ ಸಾಹೇಬರು "ಕೆಲಸ ತೃಪ್ತಿಕರ" ಎಂದು ಬರೆದರೆ ಮುಂದಿನ ಆರು ತಿಂಗಳು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಒಬ್ಬಳೇ ಮಗಳು ಕುಸುಮ ಹಾಸನದಲ್ಲಿ ಉಪಾಧ್ಯಾಯರ ಟ್ರೈನಿಂಗಿನಲ್ಲಿದ್ದಳು. ಅವರ ಮನೆತನದಲ್ಲಿ ಅಕ್ಷರ ಬರೆದವರು ಬೇಕಾದಷ್ಟು ಜನ, ಆದರೆ ಸರ್ಟಿಫಿಕೇಟು ಪಡೆದ ಹೆಣ್ಣುಮಗಳು ಇವಳೇ ಮೊದಲು. ಟ್ರೈನಿಂಗು ಮುಗಿಯಲು ಇನ್ನು ಒಂದೂವರೆ ಅವಧಿ, ಎಂದರೆ ಒಂಬತ್ತು ತಿಂಗಳು ಬಾಕಿ. ಅಷ್ಟು ದಿನ ಕೈ ನಡೆದರೆ ಸಾಕು ಎಂದು ಅವರು ಆಗಾಗ ಹೇಳುತ್ತಿದ್ದರು. ಆ ಮಾತನ್ನು ಎಲ್ಲರ ಹಾಗೆ ನಾನೂ ಕೇಳಿದ್ದೆ. ಎಲ್ಲರಿಗೂ ಅರ್ಥವಾಗಿತ್ತು, ನನಗೆ ಕೇಳಿಸಿತ್ತು, ಅಷ್ಟೆ.

ಕಷ್ಟ ಶುರುವಾದದ್ದು ಆಷಾಢದ ಸುಮಾರಿಗೆ. ಕನ್ನಡ ಸುತ್ತೋಲೆಗಳು ಮಂಕಾಗಿ ಬರತೊಡಗಿದವು. ಮೇಲಿನ ಏಳೆಂಟು ಸಾಲು ಕಾಡಿಗೆಯ ಹಾಗೆ ಕಪ್ಪಗೆ. ನಡುವೆ ಬೂದಿಯ ಬಣ್ಣ. ಕೆಳಗೆ ಸಾಹೇಬರ ಸಹಿಯ ಹತ್ತಿರ ಬರುವ ಹೊತ್ತಿಗೆ ಬರೀ ಕಾಗದ. ದನಗಳಿಗೆ ಚುಚ್ಚುಮದ್ದು ಹಾಕುವ ಬಗ್ಗೆ ಒಂದು ಸುತ್ತೋಲೆ ಹೋಗಿತ್ತು. ನಾಲ್ಕು ದಿನ ಬಿಟ್ಟು ಮಲ್ಲಿಪಟ್ಟಣದಿಂದ ಒಬ್ಬ ಗೌಡರು ಅದನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಬಂದರು. "ರೋಗದ ಎಸ್ರು, ಅದು ಎಂಗೆ ಬತ್ತದೆ, ದನ ಎಂಗೆ ಸಾಯ್ತದೆ, ಎಲ್ಲಾ ಚೆಂದಾಗಿ ಕಾಣ್ತದೆ ಸ್ವಾಮಿ. ಮದ್ದು ಎಲ್ಲಿ, ಯಾವತ್ತು ಅನ್ನಾದೊಂದು ಕಾಣಾಕಿಲ್ಲ. ಮದ್ದಿನೋರು ಬಂದಿದ್ರಂತೆ, ಒಂಟೋದ್ರಂತೆ. ನಮ್ ದನ ಇನ್ನಾ ಕೊಟ್ಟಿಗೇಲೇ ಅವೆ" ಎಂದರು.

ನಮ್ಮ ಜವಾನ ಕೆಂಚಪ್ಪ ಮೆಷಿನ್ನಿನ ಹಿಡಿ ತಿರುಗಿಸುವವನು, ನನ್ನ ಅಪ್ಪನ ವಾರಿಗೆಯವನು. ಅವನು ಗೌಡರಿಗೆ ಕೂಡಲೇ ಸಮಜಾಯಿಷಿ ಕೊಟ್ಟ: "ಏನ್ ಮಾಡಾದು ಗೌಡ್ರೇ, ಈ ಮಿಷನ್‌ಗೆ ಕನ್ನಡ ಬರಾಕಿಲ್ಲ. ಸೀಮೆಯಿಂದ ಬಂದಿರಾದು. ಇಂಗ್ಲೀಸ್ ಕೊಟ್ಟು ನೋಡಿ, ಗಿಣಿ ಮಾತಾಡ್ದಂಗೆ ಮಾತಾಡ್ತದೆ. ಕನ್ನಡ ಅಂದ್ರೆ ಅರ್ಧಕ್ಕೇ ಸುಸ್ತಾಯ್ತದೆ."

"ಅಂಗಾರೆ ಕಲಿಸ್ರಪ್ಪ. ನಿಮ್ತಾವ ಬಿಯ್ಯೆ ಮಾಡ್ದೋರು ಅವ್ರಂತಲ್ಲ!" ಎಂದು ಗೌಡರು ನನ್ನ ಕಡೆ ಕೈ ಮಾಡಿದರು.

ಕಚೇರಿಯಲ್ಲಿ ಎಲ್ಲರೂ ನಕ್ಕರು. ಪದ್ಮರಾಜಯ್ಯನವರು ಮಾತ್ರ ತಲೆ ಎತ್ತಲಿಲ್ಲ. ಅಂದಿನಿಂದ ಅದೇ ಮಾತು ಕಚೇರಿಯ ವಾಡಿಕೆಯಾಯಿತು. ಸಾಹೇಬರು ಬೈದರೆ "ಮೆಷಿನ್‌ಗೆ ಕನ್ನಡ ಬರೋಲ್ಲ ಸಾರ್" ಎಂದು ಸುಬ್ಬರಾಯರೂ ಹೇಳುವರು. ಸಾಹೇಬರು ಮೈಸೂರಿನವರು, ಕನ್ನಡದ ಮೇಲೆ ಅಭಿಮಾನ ಉಳ್ಳವರು. ಈ ಅವಮಾನವನ್ನು ಅವರು ನಿಜವೆಂದೇ ಎಣಿಸಿ ಹಾಸನಕ್ಕೆ ಬೇರೆ ಮೆಷಿನ್ ಬೇಕೆಂದು ಬರೆದರು. ಹಾಸನದವರು ಉತ್ತರ ಬರೆಯುವವರೇ ಅಲ್ಲ. ಹೀಗೆ ಒಂದೆರಡು ತಿಂಗಳು ಸುಖವಾಗಿ ನಡೆಯಿತು. ಇನ್ನೂ ಏಳು ತಿಂಗಳು ಹೀಗೆಯೇ ನಡೆದುಹೋಗುತ್ತಿತ್ತು. ಆದರೆ ಕಚೇರಿಯಲ್ಲಿ ನಾನಿದ್ದೆ.

ಇಡೀ ಕಚೇರಿ ಒಂದು ಪೆದ್ದು ಮಾತನ್ನು ನಂಬಿಕೊಂಡಿದೆಯಲ್ಲ ಎಂದು ನನಗೆ ಮರುಕ ಬಂತು. ಗೌಡರ ಕೊಟ್ಟಿಗೆಯಲ್ಲಿ ಮದ್ದಿಲ್ಲದೆ ಉಳಿದ ದನಗಳ ನೆನಪೂ ಬರುತ್ತಿತ್ತು, ಅದನ್ನು ಸುಳ್ಳೆನ್ನಲಾರೆ. ಬೀರುವಿನಲ್ಲಿ ಶಾಯಿಯ ಟ್ಯೂಬುಗಳ ಅಡಿಗೆ ಹಾಸಿದ್ದ ಒಂದು ಇಂಗ್ಲಿಷ್ ಪುಸ್ತಿಕೆಯನ್ನು ಎಳೆದು ತೆಗೆದೆ. ಮೆಷಿನ್ನಿನ ಜೊತೆಗೆ ಬಂದದ್ದು, ಅಲ್ಲಿಯವರೆಗೆ ಯಾರೂ ಓದದೆ ಇದ್ದದ್ದು. ಓದಿ ತಲೆದೂಗಿದೆ. ಅಚ್ಚು ಕೆಟ್ಟರೆ ಯಂತ್ರವನ್ನು ಬಿಚ್ಚಬೇಡ, ಮೊದಲು ಸುಲಭವಾದದ್ದನ್ನು ನೋಡು ಎನ್ನುವುದೇ ಅದರ ಸಾರ. ಮೊದಲು ಕಾಗದ ನೋಡಬೇಕು. ಕಾಗದ ತೇವವಾಗಿದ್ದರೆ ಅಚ್ಚು ಹರಡುತ್ತದೆ, ನುಣುಪಾಗಿದ್ದರೆ ಶಾಯಿ ಹೀರದೆ ಮುಂದಿನ ಹಾಳೆಯ ಬೆನ್ನಿಗೆ ಮೆತ್ತಿಕೊಳ್ಳುತ್ತದೆ. ನಾನು ಒಂದೊಂದು ಹಾಳೆಯನ್ನೂ ಕೆನ್ನೆಗೆ ಒತ್ತಿ ನೋಡಿದೆ. ಕೆಂಚಪ್ಪ, "ಮಗೂಗೆ ಜ್ವರ ಬಂದದಾ ಸಾ?" ಎಂದ. ಆಮೇಲೆ ಶಾಯಿ. ಕಡಿಮೆಯಾಗಿರಬಹುದೆಂದು ಉರುಳೆಗೆ ಒಂದು ಟ್ಯೂಬು ಪೂರ್ತಿ ಹಿಂಡಿದೆ. ಅದು ಸಮನಾಗಿ ಹರಡುವ ಮೊದಲು ನನ್ನ ಅಂಗಿ, ಸುಬ್ಬರಾಯರ ಪಂಚೆ, ಗೋಡೆಯ ಕ್ಯಾಲೆಂಡರಿನ ಲಕ್ಷ್ಮಿ ಮೂವರಿಗೂ ಸಮನಾಗಿ ಹರಡಿತು. ಅಚ್ಚಿನ ಕೆಳಭಾಗ ಮಾತ್ರ ಹಾಗೆಯೇ ಬಿಳಿಚಿಕೊಂಡಿತ್ತು.

ಇಷ್ಟಕ್ಕೆ ಬಿಡುವವನೇ ನಾನು? ಶಾಯಿ ಹೀರುವ ಪ್ಯಾಡು ಗಟ್ಟಿಯಾಗಿದೆಯೇನೋ ಎಂದು ಹೊಸದು ಹಾಕಿಸಿದೆ. ಕಾಗದವನ್ನು ಒತ್ತುವ ರಬ್ಬರಿನ ಉರುಳೆ ಎರಡು ಕಡೆಯೂ ಸಮನಾಗಿ ಒತ್ತುತ್ತಿದೆಯೇ ಎಂದು ಕಾಗದದ ಚೂರು ಸಿಕ್ಕಿಸಿ ಎಳೆದು ನೋಡಿದೆ. ಎಲ್ಲ ಪ್ರತಿಯಲ್ಲೂ ಒಂದೇ ಜಾಗದಲ್ಲಿ ಕಲೆ ಬಂದರೆ ಅದು ಉರುಳೆಯದೋ ಸ್ಟೆನ್ಸಿಲ್ಲಿನದೋ ದೋಷ, ಬೇರೆ ಬೇರೆ ಜಾಗದಲ್ಲಿ ಬಂದರೆ ಕಾಗದದ ದೋಷ ಎಂದು ಪುಸ್ತಿಕೆಯಲ್ಲಿತ್ತು. ಒಂದು ಕಲೆ ನಿಜಕ್ಕೂ ಒಂದೇ ಜಾಗದಲ್ಲಿ ಬರುತ್ತಿತ್ತು. ಬಿಚ್ಚಿ ನೋಡಿದರೆ ಸುಬ್ಬರಾಯರ ಅಡಿಕೆ ಚೂರು. ಅದನ್ನು ನಾನು ಇಕ್ಕುಳದಲ್ಲಿ ಹಿಡಿದು ಎಲ್ಲರಿಗೂ ತೋರಿಸಿದೆ. ಸುಬ್ಬರಾಯರು ಅಡಿಕೆಯನ್ನು ನೋಡಲಿಲ್ಲ, ನನ್ನನ್ನು ನೋಡಿ ಮೆಲ್ಲಗೆ, "ಸಾಕು ಬಿಡ್ರೀ. ಕೆಲವು ಮೆಷಿನ್ನು ಕೆಟ್ಟೇ ಇರ್ಬೇಕು" ಎಂದರು. ಅಡಿಕೆ ಸಿಕ್ಕಿದ್ದಕ್ಕೆ ಅವರಿಗೆ ನಾಚಿಕೆಯಾಗಿದೆ ಎಂದುಕೊಂಡೆ.

ಕೊನೆಗೆ ಉಳಿದದ್ದು ಒಂದೇ ಪರೀಕ್ಷೆ. ಅದೇ ಕಾಗದ, ಅದೇ ಶಾಯಿ, ಅದೇ ಉರುಳೆ. ಸುಬ್ಬರಾಯರು ಟೈಪು ಹೊಡೆದ ಸ್ಟೆನ್ಸಿಲ್ ಹಾಕಿ ತಿರುಗಿಸಿದರೆ ಮೇಲಿಂದ ಕೆಳಗಿನವರೆಗೂ ಕಪ್ಪಗೆ ಬಂತು. ಅದನ್ನು ತೆಗೆದು ಪದ್ಮರಾಜಯ್ಯನವರ ಸ್ಟೆನ್ಸಿಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಮೇಲಿನ ಸಾಲುಗಳಲ್ಲಿ ಅಕ್ಷರದೊಳಗಿಂದ ಬಿಸಿಲು ಹಾಯುತ್ತಿತ್ತು. ಕೆಳಗೆ ಹೋದ ಹಾಗೆ ಮೇಣದ ಮೇಲೆ ಬರೀ ಗೀರು. ಕಂಟ ಹಾಳೆಯನ್ನು ಸವರಿತ್ತು, ಕೊರೆದಿರಲಿಲ್ಲ. ಬರೆಯುತ್ತಾ ಬರೆಯುತ್ತಾ ಕೈಯ ಬಲ ಇಳಿದುಹೋಗಿತ್ತು. ಮೆಷಿನ್‌ಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು.

ನನಗಾದ ಆನಂದವನ್ನು ಏನೆಂದು ಹೇಳಲಿ! ಬಿ.ಎ. ಫಲಿತಾಂಶದ ದಿನವೂ ಅಷ್ಟು ಆಗಿರಲಿಲ್ಲ. ದೋಷ ಸಿಕ್ಕಿತ್ತು. ಆ ದೋಷ ಯಾರದೋ ಒಬ್ಬರ ಹೆಬ್ಬೆರಳು ತೋರುಬೆರಳುಗಳ ನಡುವೆ ಇದೆ, ಆ ಬೆರಳುಗಳಿಗೆ ಒಂದು ಹೆಸರಿದೆ, ಆ ಹೆಸರಿನವರು ನನ್ನಿಂದ ಎರಡು ಮೇಜಿನ ಆಚೆ ಕೂತಿದ್ದಾರೆ ಎನ್ನುವುದು ತಲೆಗೆ ಹೋಗಲೇ ಇಲ್ಲ. ಮಾಡಿದ ಲೆಕ್ಕ ಪುಸ್ತಕದ ಹಿಂದಿನ ಉತ್ತರಕ್ಕೆ ತಾಳೆಯಾದಾಗ ಹುಡುಗರು ಕುಣಿಯುವುದಿಲ್ಲವೇ, ಹಾಗೆ. ಒಂದು ವರದಿ ಬರೆದು ಸಾಹೇಬರ ಮುಂದಿಟ್ಟೆ. ವರದಿಯಲ್ಲಿ ಯಾರ ಹೆಸರೂ ಇರಲಿಲ್ಲ. ವೈಜ್ಞಾನಿಕವಾಗಿ ಬರೆದಿದ್ದೆ.

ಸಾಹೇಬರು ಓದಿ, "ಭೇಷ್ ಕಣ್ರೀ! ಇದು ನಮ್ಮ ಕಚೇರಿಗೆ ಮಾತ್ರ ಇರೋ ತೊಂದರೆ ಅಲ್ಲ. ಇದನ್ನ ಕನ್ನಡದಲ್ಲೇ ಸುತ್ತೋಲೆ ಮಾಡಿ. ಹೊಳೆನರಸೀಪುರ, ಚನ್ನರಾಯಪಟ್ಟಣ, ಹಾಸನ, ಎಲ್ಲ ಕಡೆಗೂ ಕಳಿಸೋಣ. ನಾನೇ ಸಹಿ ಹಾಕ್ತೀನಿ" ಎಂದರು.

ಒಂದು ಭಾನುವಾರವೆಲ್ಲ ಕೂತು ಬರೆದೆ. "ಪ್ರತಿಗಳು ಮಂಕಾಗಿ ಮೂಡಿದಲ್ಲಿ ಮಾಡತಕ್ಕ ಪ್ರಾಥಮಿಕ ತಪಾಸಣೆಗಳು" ಎಂದು ತಲೆಬರಹ. ಒಟ್ಟು ಏಳು ಅಂಶ. ಏಳನೆಯದು ಹೀಗಿತ್ತು: "ಮೇಲ್ಕಂಡ ಆರೂ ಸರಿಯಾಗಿದ್ದಲ್ಲಿ, ದೋಷವು ಯಂತ್ರದಲ್ಲಿಲ್ಲವೆಂದೂ ಬರೆಯುವವರ ಕೈಯಲ್ಲಿದೆಯೆಂದೂ ತಿಳಿದು, ತಡಮಾಡದೆ ಬೇರೆ ಏರ್ಪಾಡು ಮಾಡಿಕೊಳ್ಳತಕ್ಕದ್ದು." ಸೋಮವಾರ ಬೆಳಿಗ್ಗೆ ಕೇಳಲು ಯಾರೂ ಇಲ್ಲದೆ ಕೆಂಚಪ್ಪನನ್ನೇ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಅಡಿಕೆ ಚೂರಿನ ಅಂಶಕ್ಕೆ ನಕ್ಕ. ಏಳನೆಯದಕ್ಕೆ ಬರುವಷ್ಟರಲ್ಲಿ ಅವನ ಮುಖ ಬದಲಾಯಿತು. ನನ್ನ ಭಾಷೆಯ ಬಿಗಿ ಅವನಿಗೂ ತಟ್ಟಿತೆಂದು ತಿಳಿದೆ.

"ಸಾ," ಎಂದ, "ಇದು ಬೇಕಾ ಸಾ? ಓಗ್ಲಿ ಬುಡಿ."

"ಸಾಹೇಬರೇ ಹೇಳಿದ್ದಾರೆ ಕೆಂಚಪ್ಪ."

"ಅಂಗಾರೆ ಇಂಗ್ಲೀಸ್ನಾಗೇ ಕಳ್ಸಿ. ಸುಬ್ಬರಾಯ್ರು ಒಡ್ಕೊಡ್ತಾರೆ. ಇದು ಅಯ್ನೋರ ಮೇಜಿಗೆ ಓಗಾದು ಬ್ಯಾಡ."

ನಾನು ನಕ್ಕೆ. ಹಳ್ಳಿಯವನು, ಕನ್ನಡಕ್ಕೆ ಬೆಲೆ ಕೊಡುವುದು ಗೊತ್ತಿಲ್ಲ ಎಂದುಕೊಂಡೆ. ನಮ್ಮ ಕಚೇರಿಯ ಕ್ರಮ ಏನೆಂದರೆ, ಇಂಗ್ಲಿಷ್ ಕಾಗದ ಸುಬ್ಬರಾಯರ ಮೇಜಿನ ತಟ್ಟೆಗೆ, ಕನ್ನಡ ಕಾಗದ ಪದ್ಮರಾಜಯ್ಯನವರ ತಟ್ಟೆಗೆ. ಅದರಲ್ಲಿ ಯೋಚನೆ ಮಾಡುವಂಥದ್ದೇನೂ ಇಲ್ಲ. ಕೈ ತಾನೇ ಹೋಗುತ್ತದೆ. ನನ್ನ ಕೈಯೂ ತಾನೇ ಹೋಯಿತು.

ಪದ್ಮರಾಜಯ್ಯನವರು ಎಂದಿನಂತೆ ಮೊದಲು ಪೂರ್ತಿ ಓದಿದರು. ಕನ್ನಡಕ ತೆಗೆದು ಕೋಟಿನ ಅಂಚಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು ಇನ್ನೊಂದು ಸಲ ಓದಿದರು. ಆಮೇಲೆ ನನ್ನನ್ನು ಕರೆದು, "ಸ್ವಾಮಿ, ಏಳನೆಯದಕ್ಕೆ ಮೇಲೂ ಕೆಳಗೂ ಸ್ವಲ್ಪ ಜಾಗ ಬಿಡಲೇ? ಎದ್ದು ಕಾಣುತ್ತೆ" ಎಂದು ಕೇಳಿದರು.

"ಬಿಡಿ, ಬಿಡಿ. ಅದೇ ಮುಖ್ಯವಾದದ್ದು" ಎಂದೆ.

"ಹೌದು, ಅದೇ ಮುಖ್ಯ" ಎಂದು ಕಂಟ ಕೈಗೆ ತೆಗೆದುಕೊಂಡರು.

ಅಂದು ಅವರು ಒಂದು ಪುಟ ಕೊರೆಯಲು ಇಡೀ ದಿನ ತೆಗೆದುಕೊಂಡರು. ಒಂದು ಸಾಲು ಬರೆಯುವುದು, ಕಂಟ ಕೆಳಗಿಟ್ಟು ಬಲಗೈಯನ್ನು ಎಡಗೈಯಿಂದ ಹಿಚುಕಿಕೊಳ್ಳುವುದು, ಮತ್ತೆ ಒಂದು ಸಾಲು. ಜೈನರಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹಾಗಾಗಿ ದಿನವೂ ಐದಕ್ಕೆಲ್ಲ ಕೊಡೆ ಹಿಡಿದು ಹೊರಟುಬಿಡುತ್ತಿದ್ದರು. ಅಂದು ಐದಾಯಿತು, ಐದೂವರೆಯಾಯಿತು, ಏಳಲಿಲ್ಲ. ನಾನೂ ಕಾದು ಕೂತಿದ್ದೆ, ನನ್ನ ಬರವಣಿಗೆಯನ್ನು ನೋಡುವ ಆಸೆಗೆ. ಅವರು ಸ್ಟೆನ್ಸಿಲನ್ನು ಕೆಂಚಪ್ಪನ ಕೈಗೆ ಕೊಟ್ಟು ಎದ್ದಾಗ ಬೇವಿನ ಮರದ ಹಿಂದೆ ಸೂರ್ಯ ಇಳಿದೇ ಹೋಗಿದ್ದ. ಅವರು ಅಂದು ಉಪವಾಸ ಮಲಗಿದರೆಂದು ಲೆಕ್ಕ ಹಾಕಲು ಬಿ.ಎ. ಬೇಕಾಗಿರಲಿಲ್ಲ. ಆದರೂ ನಾನು ಹಾಕಲಿಲ್ಲ.

ಮಾರನೆಯ ಬೆಳಿಗ್ಗೆ ಕೆಂಚಪ್ಪ ಹಿಡಿ ತಿರುಗಿಸಿದ. ಮೊದಲ ಪ್ರತಿ ಬಿತ್ತು. ತಲೆಬರಹದಿಂದ ಹಿಡಿದು ಸಹಿಯ ಜಾಗದವರೆಗೆ ಒಂದೇ ಕಪ್ಪು. ಒಂದು ಅಕ್ಷರದ ಕೊಂಬು ಮಸುಕಾಗಿರಲಿಲ್ಲ, ಒಂದು ಸೊನ್ನೆಯ ನಡು ಹರಿದಿರಲಿಲ್ಲ. ಏಳನೆಯ ಅಂಶ ಮೇಲೆ ಕೆಳಗೆ ಜಾಗ ಬಿಟ್ಟುಕೊಂಡು, ಎಲ್ಲಕ್ಕಿಂತ ಕಪ್ಪಗೆ ಕೂತಿತ್ತು. ಸುಬ್ಬರಾಯರು ಅದನ್ನು ಎತ್ತಿ ನೋಡಿ ಹೊರಗೆ ಉಗುಳಲು ಹೋದರು. ಬಾಯಲ್ಲಿ ಅಡಿಕೆ ಇರಲಿಲ್ಲ. ನಾನು, "ನೋಡಿದೆಯಾ ಕೆಂಚಪ್ಪ, ಹೊಸ ಪ್ಯಾಡು ಹಾಕಿಸಿದ್ದರ ಗುಣ!" ಎಂದೆ.

ಕೆಂಚಪ್ಪ ಹಿಡಿ ಬಿಟ್ಟ. "ನೀವು ಓದಿರಾದು ಯಾವ ಕಾಲೇಜ್ನಾಗೆ ಸಾ?" ಎಂದ.

ಹೇಳಿದೆ.

"ಅಲ್ಲಿ ಮನ್ಸ್ರು ಇರ್ಲಿಲ್ವಾ?"

ಬೇರೆ ಯಾರಾದರೂ ಹಾಗೆ ಕೇಳಿದ್ದರೆ ಜಗಳವಾಗುತ್ತಿತ್ತು. ಆದರೆ ಕೆಂಚಪ್ಪನ ಕಣ್ಣು ಒದ್ದೆಯಾಗಿತ್ತು. "ನಮಗೆಲ್ಲಾ ಗೊತ್ತಿತ್ತು ಸಾ. ಅಯ್ನೋರ ಕೈ ಸೋತು ಮೂರು ತಿಂಗ್ಳಾಯ್ತು. ಆ ಕೂಸಿನ ಟ್ರೈನಿಂಗು ಮುಗಿಯಾಗಂಟ ಮಿಷನ್ನೇ ಕೆಟ್ಟಿರ್ಲಿ ಅಂತ ನಾವೆಲ್ಲಾ ಮಾತಾಡ್ಕಂಡಿದ್ವಿ. ನಿಮ್ಗೊಬ್ರಿಗೆ ಯೋಳ್ಳಿಲ್ಲ. ಓದ್ದೋರು, ತಾವೇ ತಿಳ್ಕಂತಾರೆ ಅಂದ್ಕಂಡ್ವಿ."

ನಾನು ಸಾಹೇಬರ ಕೋಣೆಗೆ ಓಡಿದೆ. ಸುತ್ತೋಲೆ ಬೇಡ ಸಾರ್, ನನ್ನದು ತಪ್ಪಾಗಿದೆ, ಏಳನೆಯದನ್ನು ತೆಗೆದುಬಿಡೋಣ ಎಂದೆ. ಸಾಹೇಬರು ಪ್ರತಿಯನ್ನು ಮುಂದಿಟ್ಟುಕೊಂಡಿದ್ದರು. ಅವರೂ ಕೆಟ್ಟವರಲ್ಲ. "ಇಷ್ಟು ದಿನ ನನಗೆ ತಿಳಿದಿರಲಿಲ್ಲ ಕಣ್ರೀ. ತಿಳಿಯದೆ ಇದ್ದಾಗ 'ತೃಪ್ತಿಕರ' ಅಂತ ಬರೀಬಹುದಿತ್ತು. ಈಗ ತಿಳಿಸಿಬಿಟ್ಟಿದ್ದೀರಿ" ಎಂದರು.

ನಾನು ಮೇಜಿಗೆ ಮರಳುವಷ್ಟರಲ್ಲಿ ಪದ್ಮರಾಜಯ್ಯನವರೇ ಬಂದರು. ಬಲಗೈಯನ್ನು ಅಂಗವಸ್ತ್ರದ ಒಳಗೆ ಇಟ್ಟುಕೊಂಡಿದ್ದರು. ನನ್ನ ಮೇಜಿನ ಹತ್ತಿರ ನಿಂತು, "ಒಂದು ಅರ್ಜಿ ಬರೆದುಕೊಡಬೇಕಲ್ಲ ಸ್ವಾಮಿ. ಇವತ್ತು ನನ್ನ ಕೈಲಿ ಆಗ್ತಾ ಇಲ್ಲ" ಎಂದರು. ತಾಲ್ಲೂಕಿನಲ್ಲಿ ಅರ್ಜಿ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬಾವಿಗೆ, ಬಂದೂಕಿನ ಲೈಸೆನ್ಸಿಗೆ, ಬಿದ್ದುಹೋದ ಗೋಡೆಗೆ ಎಷ್ಟೋ ಬರೆದಿದ್ದೇನೆ. ಇದು ಕೆಲಸ ಬಿಡುವ ಅರ್ಜಿ. ಬೇಡ ಎಂದೆ. ಕ್ಷಮಿಸಿ ಎಂದೆ. ಅವರು, "ತಾವು ತಪ್ಪು ಬರೆದಿಲ್ಲವಲ್ಲ. ನಾನು ಬರೆಯುವಾಗ ಪ್ರತಿಯೊಂದನ್ನೂ ನೋಡಿಕೊಂಡೆ, ಏಳೂ ಸರಿಯಾಗಿವೆ" ಎಂದು ಕುರ್ಚಿ ಎಳೆದು ಕೂತರು. ಬರೆದೆ. ಅದರ ಕೆಳಗೆ ಎಡಗೈಯಿಂದ ರುಜು ಹಾಕಿದರು. ಐದು ಅಕ್ಷರ.

ಮುಂದಿನ ತಿಂಗಳು ಕುಸುಮ ಟ್ರೈನಿಂಗು ಬಿಟ್ಟು ಬಂದು ಅಪ್ಪನನ್ನು ಚನ್ನರಾಯಪಟ್ಟಣಕ್ಕೆ, ಸೋದರಮಾವನ ಮನೆಗೆ ಕರೆದುಕೊಂಡು ಹೋದಳು. ಹೋಗುವ ಮೊದಲು ಕಚೇರಿಗೆ ಬಂದಳು. ಮೇಜಿನ ಖಾನೆಯಲ್ಲಿದ್ದ ಕಂಟ ಅವರ ಸ್ವಂತದ್ದಾದ್ದರಿಂದ ಕೊಡಬಹುದೆಂದು ಸಾಹೇಬರು ಹೇಳಿದ್ದರು. ನಾನೇ ತೆಗೆದು ಕೊಟ್ಟೆ. ಉಳಿದ ಅವಧಿಯನ್ನು ಮುಂದಿನ ವರ್ಷವಾದರೂ ಮುಗಿಸಬಹುದಲ್ಲಮ್ಮ ಎಂದೆ. "ನೋಡಬೇಕು ಸಾರ್" ಎಂದಳು. ಆಮೇಲೆ, "ಅಪ್ಪ ನಿಮ್ಮನ್ನ ಬಹಳ ಹೊಗಳ್ತಾರೆ. ಇಷ್ಟು ವರ್ಷದಲ್ಲಿ ಅಷ್ಟು ಒಪ್ಪವಾದ ಕನ್ನಡ ಸುತ್ತೋಲೆ ತಾನು ಬರೆದೇ ಇಲ್ಲ ಅಂತಾರೆ" ಎಂದಳು. ಅವಳ ದನಿಯಲ್ಲಿ ಕೊಂಕು ಇದೆಯೇನೋ ಎಂದು ಹುಡುಕಿದೆ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇರಲಿಲ್ಲ. ಮರುವರ್ಷ ಅವಳಿಗೆ ಮದುವೆಯಾಯಿತೆಂದು ಕೇಳಿದೆ. ಟ್ರೈನಿಂಗಿನ ಮಾತು ಮತ್ತೆ ಯಾರ ಬಾಯಲ್ಲೂ ಕೇಳಲಿಲ್ಲ.

ಬೇರೆ ಏರ್ಪಾಡು ಮಾಡಿಕೊಳ್ಳತಕ್ಕದ್ದು ಎಂದು ಬರೆದಿದ್ದೆನಲ್ಲ, ಆ ಬೇರೆ ಏರ್ಪಾಡು ನಾನೇ ಆದೆ. ಕನ್ನಡ ಟೈಪ್‌ರೈಟರ್ ಬರುವವರೆಗೆ ಸ್ಟೆನ್ಸಿಲ್ ಕೊರೆಯುವುದು ನನ್ನ ಪಾಲಿಗೆ ಬಂತು. ಉಕ್ಕಿನ ಕಡ್ಡಿ ಹಿಡಿದು ಮೇಣದ ಹಾಳೆಯ ಮುಂದೆ ಕೂತಾಗ ತಿಳಿಯಿತು, ಮೆಲ್ಲಗೆ ಒತ್ತಿದರೆ ಕೊರೆಯುವುದಿಲ್ಲ, ಜೋರಾಗಿ ಒತ್ತಿದರೆ ಹಾಳೆ ಹರಿಯುತ್ತದೆ, ಎರಡರ ನಡುವೆ ಒಂದು ಕೂದಲೆಳೆಯಷ್ಟು ಜಾಗವಿದೆ. ಇಪ್ಪತ್ತೈದು ವಯಸ್ಸಿನ, ಹೊಲ ಉತ್ತು ಗಟ್ಟಿಯಾದ ನನ್ನ ಕೈಗೆ ಆ ಜಾಗ ಸಿಗಲೇ ಇಲ್ಲ. ನನ್ನ ಪ್ರತಿಗಳು ಮೇಲಿಂದಲೇ ಮಂಕು. ನಡುನಡುವೆ ಸೊನ್ನೆಗಳ ನಡು ಉದುರಿ ಶಾಯಿಯ ಬೊಟ್ಟು.

ಆ ಬೇಸಿಗೆಯಲ್ಲಿ ಹೊಸ ಸಾಹೇಬರು ಬಂದರು. ಏಪ್ರಿಲ್ ತಿಂಗಳು. ಜೀಪಿನ ನೆರಳಿನಲ್ಲಿ ನಾಯಿಗಳು ನಾಲಗೆ ಚಾಚಿ ಮಲಗಿದ್ದವು. ಬಂದ ಮೂರನೆಯ ದಿನವೇ ಅವರು ನನ್ನ ಸುತ್ತೋಲೆಯೊಂದನ್ನು ಎತ್ತಿ ಹಿಡಿದು, "ಏನ್ರೀ ಇದು? ಇದನ್ನ ಯಾರು ಓದ್ತಾರೆ? ಎಲ್ಲಿದೆ ತೊಂದರೆ?" ಎಂದು ಕೇಳಿದರು. ತೊಂದರೆ ಎಲ್ಲಿದೆಯೆಂದು ಜಿಲ್ಲೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಬಾಯಿ ತೆರೆದೆ.

ಬಾಗಿಲಲ್ಲಿ ನಿಂತಿದ್ದ ಕೆಂಚಪ್ಪ, ನನ್ನ ಕಡೆ ನೋಡದೆ, "ಕಾಗ್ದ ತ್ಯಾವ ಆಗ್ಬುಟ್ಟದೆ ಸಾ" ಎಂದ.

ಸಾಹೇಬರು ಕಿಟಕಿಯಾಚೆ ಉರಿಯುವ ಬಿಸಿಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. "ಹೌದೇನ್ರೀ? ತೇವವಾಗಿದೆಯಾ?"

"ಹೌದು ಸಾರ್" ಎಂದೆ. "ತುಂಬ ತೇವ."

"ಹಾಗಾದ್ರೆ ಒಣಗಿಸಿ" ಎಂದರು.

ಕೆಂಚಪ್ಪನೂ ನಾನೂ ಕಾಗದದ ಕಟ್ಟುಗಳನ್ನು ಹೊತ್ತು ಹಿತ್ತಿಲಿಗೆ ಹೋದೆವು. ಹಪ್ಪಳದಂತೆ ಗರಿಗರಿಯಾಗಿದ್ದ ಹಾಳೆಗಳನ್ನು ಒಂದೊಂದಾಗಿ ಬಿಸಿಲಿಗೆ ಹರಡಿದೆವು. "ಅಂಚಿಗೆ ಕಲ್ಲಿಡಿ ಸಾ, ಗಾಳಿಗೆ ಆರೋಯ್ತವೆ" ಎಂದ. ಇಟ್ಟೆ. ಅವನು ಬೀಡಿ ಹಚ್ಚಿದ, ನಾನು ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡೆ. ಊಟದ ಹೊತ್ತಿನವರೆಗೂ ಬಗ್ಗಿ ಬಗ್ಗಿ, ಎರಡು ಸಲ ಮಗುಚಿ ಹಾಕಿ, ಒಂದು ಹಾಳೆಯನ್ನೂ ಬಿಡದೆ ಒಣಗಿಸಿದೆವು.